ಎಡಚಕ್ರದ ಬಿಸಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗುಡ್ಡದ ಇಳಿಜಾರು ಮುಗಿದು ರಸ್ತೆ ಕೊನೆಯ ತಿರುವು ತೆಗೆದುಕೊಳ್ಳುವ ಕಡೆ, ತಗಡಿನ ಶೆಡ್ಡಿನ ಮುಂದೆ ಬಿಳಿ ಕಾರೊಂದು ಬಂದು ನಿಲ್ಲುತ್ತದೆ. ಚಾಲಕ ಬಾಗಿಲು ತೆಗೆಯುವ ಮೊದಲೇ ಶೆಡ್ಡಿನೊಳಗಿನಿಂದ ಹೆಂಗಸೊಬ್ಬಳು ಓಡುನಡಿಗೆಯಲ್ಲಿ ಬಂದು ಮುಂದಿನ ಬಲಚಕ್ರದ ಬಳಿ ಕುಕ್ಕರಗಾಲಲ್ಲಿ ಕೂರುತ್ತಾಳೆ. ಜ್ವರದ ಮಗುವಿನ ಹಣೆ ನೋಡುವವಳ ಹಾಗೆ ಹಿಂಗೈಯನ್ನು ಚಕ್ರದ ಹತ್ತಿರ ಒಯ್ಯುತ್ತಾಳೆ. ಮುಟ್ಟುವುದಿಲ್ಲ, ಬೆರಳಂತರದಲ್ಲಿ ನಿಲ್ಲಿಸುತ್ತಾಳೆ. ಎದ್ದು ಹಿಂದಿನ ಎರಡು ಚಕ್ರಗಳನ್ನೂ ಹಾಗೆಯೇ ನೋಡಿಕೊಂಡು, ಗಾಡಿಯನ್ನು ಸುತ್ತಿ ಬಂದು, ಮುಂದಿನ ಎಡಚಕ್ರದತ್ತ ಕೈ ಚಾಚಿದವಳು ತಟ್ಟನೆ ಹಿಂದಕ್ಕೆಳೆದುಕೊಳ್ಳುತ್ತಾಳೆ.

“ಅಣ್ಣಾ, ಇದು ಬ್ರೇಕಲ್ಲ, ಒಲೆ. ಪಾತ್ರೆ ಇಟ್ಟಿದ್ರೆ ಇಷ್ಟೊತ್ತಿಗೆ ನೀರು ಕಾದಿರೋದು.”

ಚಾಲಕ ನಗುವುದಿಲ್ಲ. “ತಮಾಷೆ ಬೇಡ ಅಕ್ಕ. ನಾಳೆ ಬೆಳಗ್ಗೆ ದೊಡ್ಡಮ್ಮನ್ನ ಆಸ್ಪತ್ರೆಗೆ ಇಳಿಸ್ಬೇಕು.”

ಈ ರಸ್ತೆಯಲ್ಲಿ ಓಡಾಡುವ ಚಾಲಕರ ಬಾಯಲ್ಲಿ ಆಕೆ ಬ್ರೇಕಕ್ಕ. ಬ್ರೇಕಿನ ತಕರಾರಿರುವ ಗಾಡಿ ಯಾರದ್ದೇ ಆಗಲಿ, ಬೆಳಗಿನ ತಂಪಿನಲ್ಲಿ ಗುಡ್ಡದ ಮೇಲಿಂದ ಹೊರಟು ಎಲ್ಲೂ ನಿಲ್ಲದೆ ತನ್ನ ಮುಂದೆ ಬಂದು ನಿಲ್ಲಬೇಕು ಎನ್ನುವುದು ಆಕೆಯ ಕಟ್ಟುನಿಟ್ಟು. ಬಿಸಿಲೇರಿದ ಮೇಲೆ ಬಂದರೆ ನಾಲ್ಕೂ ಚಕ್ರಗಳು ಬಿಸಿಲಿಗೇ ಬೆಚ್ಚಗಾಗಿರುತ್ತವೆ. ದಾರಿಯಲ್ಲಿ ಚಹಾಕ್ಕೆ ನಿಂತು ಬಂದರೆ ನಾಲ್ಕೂ ಆರಿರುತ್ತವೆ. “ಆರಿದ ಗಾಡಿ ಬಾಯೇ ಬಿಡಲ್ಲ. ಬಿಸಿ ಇದ್ದಾಗ್ಲೇ ಕೇಳ್ಬೇಕು, ಎಲ್ಲಿ ನೋವು ಅಂತ,” ಎನ್ನುತ್ತಾಳೆ. ಹಾಗಾಗಿ ಊರು ಮುಖ ತೊಳೆಯುವ ಮೊದಲೇ ಆಕೆಯ ಕೆಲಸ ಶುರುವಾಗಿರುತ್ತದೆ. ಗಂಡನ ಹಳೆಯ ಅಂಗಿಯನ್ನು ಬಟ್ಟೆಯ ಮೇಲೆ ತೊಟ್ಟು, ಬೆರಳಿನ ಉಂಗುರ ತೆಗೆದು ಗೋಡೆಯ ಮೊಳೆಗೆ ಸಿಕ್ಕಿಸಿದರೆ, ಅದು ಮತ್ತೆ ಬೆರಳಿಗೆ ಬರುವುದು ದೀಪ ಹಚ್ಚುವ ಹೊತ್ತಿಗೆ.

ಬಿಳಿ ಕಾರಿನ ಚಾಲಕ ಬಾಯಿ ಬಿಡಲು ಬಹಳ ಹೊತ್ತು ಬೇಕಾಗುವುದಿಲ್ಲ. ಗುಡ್ಡದ ಮೇಲಿನ ಹಳ್ಳಿಗಳಲ್ಲಿ ಮೂತ್ರಪಿಂಡ ಕೈಕೊಟ್ಟವರನ್ನು ಪಟ್ಟಣದ ಆಸ್ಪತ್ರೆಗೆ ತಂದು, ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಿಕೊಂಡು ಸಂಜೆ ವಾಪಸು ಬಿಡುವುದು ಅವನ ಕಸುಬು. ಅವರಲ್ಲಿ ಅವನ ಸ್ವಂತ ದೊಡ್ಡಮ್ಮನೂ ಒಬ್ಬಳು. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು.

“ಇಳಿಜಾರು ಶುರುವಾದ್ರೆ ಸಾಕು ಅಕ್ಕ, ಎರಡು ಕಾಲೂ ಮುಂದಕ್ಕೆ ಒತ್ತಿ ಹಿಡ್ಕೊಂಡು ಕೂತಿರ್ತಾಳೆ. ಅವಳ ಕಾಲಡಿಯಲ್ಲೇ ಬ್ರೇಕ್ ಇದೆ ಅನ್ನೋ ಹಾಗೆ. ಸುಟ್ಟ ವಾಸನೆ ಬಂತು, ಸುಟ್ಟ ವಾಸನೆ ಬಂತು ಅಂತ ಒಂದೇ ಸಮ. ಗಾಡಿ ಬೇರೆ ಎಡಕ್ಕೆ ಎಳೆಯುತ್ತೆ. ಎಡಕ್ಕೇನಿದೆ? ಪ್ರಪಾತ ಇದೆ. ಹೋದ ಸಲ ಹತ್ತಲೇ ಇಲ್ಲ. ಸಾಯೋದಾದ್ರೆ ಮನೇಲೇ ಸಾಯ್ತೀನಿ, ಆ ಇಳಿಜಾರಲ್ಲಿ ಬೇಡ ಅಂದುಬಿಟ್ಳು.” ಅವನು ಗುಡ್ಡದತ್ತ ತಿರುಗಿ ನೋಡುತ್ತಾನೆ. “ಈಗ ಮುಖ ಊದ್ಕೊಂಡಿದೆ. ನಾಲ್ಕು ಹೆಜ್ಜೆ ಇಟ್ರೆ ಏದುಸಿರು. ನಾಳೆಯೂ ತಪ್ಪಿಸಿದ್ರೆ ಆಮೇಲೆ ನಮ್ಮ ಕೈಲಿ ಏನೂ ಇಲ್ಲ ಅಂದಿದ್ದಾರೆ ಡಾಕ್ಟ್ರು. ನಿನ್ನ ಕಾರಿಗೆ ಆ ಬ್ರೇಕಿನವಳು ಸರಿ ಅಂದ್ರೆ ಬರ್ತೀನಿ ಅಂತಾಳೆ ದೊಡ್ಡಮ್ಮ.”

ಬ್ರೇಕಕ್ಕ ಜಾಕ್ ಎಳೆದುಕೊಂಡು ಬರಲು ಒಳಗೆ ಹೋಗುತ್ತಾಳೆ.

ಶೆಡ್ಡೆಂದರೆ ಮೂರು ಕಡೆ ತಗಡು, ಒಂದು ಕಡೆ ಬಯಲು. ಎಣ್ಣೆ ಕುಡಿದು ಕುಡಿದು ನೆಲ ಸಿಮೆಂಟೋ ಮಣ್ಣೋ ತಿಳಿಯದಷ್ಟು ಕಪ್ಪಾಗಿದೆ. ಆ ತೆರೆದ ಕಡೆ ತೂಗುವ ಬೋರ್ಡಿನಲ್ಲಿ ಒಂದು ಸ್ಪ್ಯಾನರಿನ ಚಿತ್ರವಿದೆ, ಅದರ ಕೆಳಗೆ ‘ಮೇಸ್ತ್ರಿ’ ಎಂಬ ಮಾತಿದೆ. ಮೇಸ್ತ್ರಿ ಎಂದರೆ ಆಕೆಯ ಮಾವ. ದಿನಕ್ಕೆ ನಾಲ್ಕೈದು ಗಾಡಿ ಬರುತ್ತವೆ, ಬಂದವರೆಲ್ಲ ಮೊದಲು ಕೇಳುವುದು ಮೇಸ್ತ್ರಿಯನ್ನೇ. ಒಮ್ಮೆ ಹೊಸಬನೊಬ್ಬ ಬಂದು, ಗಾಡಿಯ ಕೆಳಗಿಂದ ಚಾಚಿದ್ದ ಕಾಲುಗಳನ್ನು ನೋಡಿ, “ಮೆಕ್ಯಾನಿಕ್ ಇಲ್ವಾ?” ಎಂದನಂತೆ. “ಇದ್ದಾರೆ, ಗಾಡಿ ಕೆಳಗಿದ್ದಾರೆ. ಕೂತ್ಕೊಳ್ಳಿ, ಬರ್ತಾರೆ,” ಎಂದು ಗಾಡಿಯ ಕೆಳಗಿಂದಲೇ ಹೆಣ್ಣುದನಿ ಬಂತು. ಅವನು ಕೂತ. ಕೆಲಸ ಮುಗಿಸಿ ಆಕೆ ಎದ್ದು ಬಂದು ಕೈ ಒರೆಸಿಕೊಂಡು “ಹೇಳಿ” ಎಂದರೂ ಅವನು ಇನ್ನೂ ಮೆಕ್ಯಾನಿಕ್ಕಿಗೇ ಕಾಯುತ್ತಿದ್ದ. ಇದನ್ನು ಹೇಳಿ ನಗುವುದು ಆಕೆಯಲ್ಲ, ಅತ್ತೆ.

ಆಕೆ ಹುಟ್ಟಿದ್ದು ಉಳುವವರ ಮನೆಯಲ್ಲಿ. ಅಪ್ಪನಿಗೆ ಒಂದು ಜೊತೆ ಎತ್ತುಗಳಿದ್ದವು. ಒಂದು ವರ್ಷ ಅವುಗಳಲ್ಲಿ ಒಂದರ ಗೊರಸು ಒಂದೇ ಪಕ್ಕಕ್ಕೆ ಸವೆಯತೊಡಗಿತು. ಲಾಳ ಕಟ್ಟಿಸಿದರೂ ಅಷ್ಟೇ, ಬದಲಿಸಿದರೂ ಅಷ್ಟೇ. ಅಪ್ಪ ಎತ್ತನ್ನು ಖಾಲಿ ನಡೆಸಿ ಹಿಂದಿನಿಂದ ನೋಡಿದ, ಆಮೇಲೆ ಮುಂದೆ ಹೋಗಿ ಹೆಗಲ ಮೇಲೆ ಕೈಯಿಟ್ಟ. ಎತ್ತು ಮೈ ಜಗ್ಗಿತು. ನೊಗ ತಾಗುವ ಜಾಗದಲ್ಲಿ, ಚರ್ಮದ ಅಡಿಯಲ್ಲಿ, ಹೊರಗೆ ಏನೂ ಕಾಣದ ಹಾಗೆ ಬಾವು ಕಟ್ಟಿತ್ತು. ನೋವಿದ್ದ ಕಡೆಗೆ ಭಾರ ಬಿಡದೆ ಅದು ಕಾಲನ್ನು ಓರೆಯಾಗಿ ಊರುತ್ತಿತ್ತು. “ಅಪ್ಪ ಅವತ್ತು ಗೊರಸನ್ನ ಬೈಲಿಲ್ಲ. ಸವೆದಿರೋದನ್ನ ನೋಡು, ಆದ್ರೆ ಅಲ್ಲೇ ನಿಲ್ಲಬೇಡ ಅಂತಿದ್ದ. ನಾನಿವತ್ತು ಮಾಡೋದೂ ಅದನ್ನೇ,” ಎನ್ನುತ್ತಾಳೆ.

ಮದುವೆಯಾಗಿ ಬಂದಾಗ ಸ್ಪ್ಯಾನರ್ ಹಿಡಿಯುವ ಆಸೆಯೇನೂ ಆಕೆಗಿರಲಿಲ್ಲ. ಗಂಡ ಶೆಡ್ಡಿಗೆ ಒಗ್ಗದವನು. “ಅವನಿಗೆ ಓಡೋ ಗಾಡಿ ಬೇಕು, ನಿಂತ ಗಾಡಿ ಕಂಡ್ರೆ ಆಗಲ್ಲ,” ಎಂದು ಮಾವ ಗೊಣಗಿದರೂ ಅವನು ಲಾರಿ ಹತ್ತಿ ಹೋದ. ಈಗಲೂ ತಿಂಗಳುಗಟ್ಟಲೆ ದೂರವಿರುತ್ತಾನೆ. ಅವನು ಫೋನ್ ಮಾಡಿದರೆ ಆಕೆ ಮೊದಲು ಕೇಳುವುದು, “ಬ್ರೇಕ್ ಹೇಗಿದೆ?” ಎಂದು. “ನೀವು ಹೇಗಿದ್ದೀರಿ?” ಎನ್ನುವುದು ಆಮೇಲೆ. ಅತ್ತೆ ಹತ್ತಿರದಲ್ಲೇ ಕೂತಿದ್ದರೆ, “ನನ್ನ ಮಗನಿಗಿಂತ ಲಾರಿ ಮೇಲೇ ಜಾಸ್ತಿ ಪ್ರೀತಿ ಇವಳಿಗೆ,” ಎಂದು ಕೇಳಿಸುವ ಹಾಗೆಯೇ ಹೇಳುತ್ತಾರೆ.

ಶೆಡ್ಡಿಗೆ ಚಹಾ ಕೊಡಲು ಬರುತ್ತಿದ್ದ ಸೊಸೆಯ ಕೈಗೆ ಮಾವ ಮೊದಲ ಸಲ ಕೊಟ್ಟದ್ದು ಒಂದು ಕ್ಯಾಲಿಪರ್. ಚಕ್ರದ ಜೊತೆಗೇ ತಿರುಗುವ ಕಬ್ಬಿಣದ ತಟ್ಟೆಯನ್ನು ಎರಡು ಕಡೆಯಿಂದ ಹಿಡಿದು ನಿಲ್ಲಿಸುವ ಮುಷ್ಟಿ ಅದು. ಮುಷ್ಟಿಯ ಒಳಮೈಯಲ್ಲಿ ಎರಡು ಪ್ಯಾಡುಗಳು, ತಟ್ಟೆಯ ಈ ಕಡೆ ಒಂದು, ಆ ಕಡೆ ಒಂದು. ಉಜ್ಜಿ ಉಜ್ಜಿ ಸೋಪಿನ ಹಾಗೆ ಸವೆಯುವುದು ಇವೇ. ಪೆಡಲ್ ಒತ್ತಿದಾಗ ರಬ್ಬರ್ ಪೈಪಿನಲ್ಲಿ ಎಣ್ಣೆ ನುಗ್ಗಿ ಬಂದು ಮುಷ್ಟಿ ಬಿಗಿಯುತ್ತದೆ. ಕಾಲು ತೆಗೆದರೆ ಎಣ್ಣೆ ಹಿಂದಕ್ಕೆ ಸರಿದು ಮುಷ್ಟಿ ಸಡಿಲುತ್ತದೆ.

ಆ ದಿನ ಮಾವ ಕ್ಯಾಲಿಪರನ್ನು ಆಕೆಯ ಕೈಯಲ್ಲಿಟ್ಟು, ತಾವು ನಿಧಾನವಾಗಿ ಚಹಾ ಕುಡಿದರು. ಲೋಟ ಖಾಲಿಯಾಗುವ ಹೊತ್ತಿಗೆ ಆಕೆಯ ತೋಳು ನಡುಗುತ್ತಿತ್ತು. “ಭಾರ ಗೊತ್ತಾಯ್ತೇನಮ್ಮ? ಪ್ಯಾಡ್ ಬದಲಿಸುವಾಗ ಇದನ್ನ ಬಿಚ್ಚಿ ಪಕ್ಕಕ್ಕಿಡಬೇಕು. ಕೆಲವರು ಹಾಗೇ ಜೋತಾಡೋಕೆ ಬಿಟ್ಟುಬಿಡ್ತಾರೆ. ಆಗ ಈ ಭಾರ ಎಲ್ಲ ಆ ರಬ್ಬರ್ ಪೈಪಿನ ಕುತ್ತಿಗೆಗೆ ಬೀಳುತ್ತೆ. ಹೊರಗೆ ಏನೂ ಕಾಣಲ್ಲ, ಒಳಗೆ ಹರಿದಿರುತ್ತೆ. ಒಂದು ಗಳಿಗೆಯೂ ಅದರ ಕುತ್ತಿಗೆಗೆ ಭಾರ ಹಾಕಬಾರದು.” ಹೀಗೆಂದು ಬೇಲಿಯ ತಂತಿ ಬಗ್ಗಿಸಿ ಒಂದು ಕೊಕ್ಕೆ ಮಾಡಿಕೊಟ್ಟರು. ಬಿಚ್ಚಿದ ಕೂಡಲೇ ಒಂದು ಕೈಯಲ್ಲಿ ಕ್ಯಾಲಿಪರ್ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕೊಕ್ಕೆಯನ್ನು ಚಕ್ರದ ಮೇಲ್ಗಡೆಯ ಸ್ಪ್ರಿಂಗಿಗೆ ಸಿಕ್ಕಿಸಿ, ಅದರಲ್ಲಿ ತೂಗುಹಾಕಬೇಕು. ಅಂದಿನಿಂದ ಗೋಡೆಯಲ್ಲಿ ಅಕ್ಕಪಕ್ಕ ಎರಡು ಮೊಳೆ, ಎರಡು ಕೊಕ್ಕೆ. ಸವೆದು ಹೊಳೆಯುವುದು ಮಾವನದು. ಕಲಿಯುವ ಕಾಲದಲ್ಲಿ ಬಹಳ ದಿನ ಆಕೆಗೆ ಕೊಕ್ಕೆ ಸಿಕ್ಕಿಸುವುದನ್ನು ಬಿಟ್ಟರೆ ಬೇರೆ ಕೆಲಸವನ್ನೇ ಅವರು ಕೊಡಲಿಲ್ಲ.

ಇವತ್ತು ಬೆಳಗ್ಗೆ ಮನೆಯಿಂದ ಹೊರಡುವಾಗ ಅತ್ತೆ ಹಿಂಬಾಗಿಲಲ್ಲಿ ನಿಲ್ಲಿಸಿ ಹೇಳಿದ ಮಾತೊಂದು ಆಕೆಯ ಮನಸ್ಸಿನಲ್ಲಿ ಹಾಗೇ ಇದೆ. “ನಿನ್ನ ಮಾವ ಅಂಗಿ ಹಾಕ್ಕೊಳ್ಳೋಕೆ ಗೋಡೆಗೆ ಒರಗ್ತಾರೆ ಕಣೆ. ಎಡಗೈ ತೋಳಿಗೆ ಹೋಗೋದೇ ಇಲ್ಲ. ಕೇಳಿದ್ರೆ ಅಂಗಿ ಗಿಡ್ಡ ಆಗಿದೆ ಅಂತಾರೆ. ಎಲ್ಲಾ ಅಂಗಿಯೂ ಒಟ್ಟಿಗೆ ಗಿಡ್ಡ ಆಗ್ತವಾ?”

ಕಾರಿನ ಮುಂಭಾಗವನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ ಆಕೆ ಎರಡೂ ಚಕ್ರ ಬಿಚ್ಚುತ್ತಾಳೆ. ಎಡಗಡೆಯ ತಟ್ಟೆ ಬಿಸಿಗೆ ಅಲ್ಲಲ್ಲಿ ನೀಲಿ ತಿರುಗಿದೆ. ಆರಲು ಬಿಟ್ಟು, ಕ್ಯಾಲಿಪರ್ ಬಿಚ್ಚಿ ಕೊಕ್ಕೆಗೆ ತೂಗುಹಾಕಿ, ಪ್ಯಾಡುಗಳನ್ನು ತೆಗೆದು ಒಂದು ಗೋಣಿಚೀಲದ ಮೇಲೆ ಸಾಲಾಗಿ ಜೋಡಿಸುತ್ತಾಳೆ. ಬಲಗಡೆಯ ಜೋಡಿ ಬಲಕ್ಕೆ, ಎಡಗಡೆಯ ಜೋಡಿ ಎಡಕ್ಕೆ. ಬಲದವು ಇನ್ನೂ ಹೊಸ ಬಿಸ್ಕತ್ತಿನಷ್ಟು ದಪ್ಪವಿವೆ. ಎಡದವು ಎರಡೂ ಸವೆದು ಕಬ್ಬಿಣ ಇಣುಕುತ್ತಿದೆ.

“ಇದು ಮೂರನೇ ಜೊತೆ,” ಎನ್ನುತ್ತಾನೆ ಚಾಲಕ. “ಎರಡು ಸಲ ಮೇಸ್ತ್ರಿ ಹತ್ರಾನೇ ಬಿಟ್ಟು ಹೋಗಿದ್ದೆ. ಹಳೇವೂ ಇವೆ, ಎಸೆದಿಲ್ಲ.”

“ಇವೆಯಾ? ಎಲ್ಲಿ?”

“ಡಿಕ್ಕಿಲಿ. ನಾನು ಏನನ್ನೂ ಎಸೆಯಲ್ಲ ಅಂತ ಮನೇಲಿ ದಿನಾ ಮಂಗಳಾರತಿ.”

ಅವನು ತಂದ ಬಟ್ಟೆಚೀಲದಿಂದ ಹಳೆಯ ಎರಡು ಜೊತೆಗಳು ಹೊರಬರುತ್ತವೆ. ಮೊದಲು ತೆಗೆಸಿದ ಜೊತೆಯ ಗುರುತು ಅವನಿಗೆ ಚೆನ್ನಾಗಿದೆ, ಅದಕ್ಕೆ ಕೆಂಪು ದಾರ ಸುತ್ತಿಟ್ಟಿದ್ದಾನೆ. ಆಕೆ ಅವನ್ನೂ ಗೋಣಿಯ ಮೇಲಿಟ್ಟು, ಬೆಳಕಿಗೆ ಬೆನ್ನಾಗದ ಹಾಗೆ ಸರಿದು ಕೂತು, ಒಂದೊಂದನ್ನೇ ಹೆಬ್ಬೆರಳಲ್ಲಿ ಸವರುತ್ತಾಳೆ. ಕೆಂಪು ದಾರದ ಜೊತೆಯಲ್ಲಿ ಒಂದು ಪೂರಾ ಸವೆದಿದೆ, ಇನ್ನೊಂದು ಅರ್ಧವೂ ಸವೆದಿಲ್ಲ. ಎರಡನೆಯ ಜೊತೆಯಲ್ಲಿ ಎರಡೂ ಒಂದೇ ಸಮ ಸವೆದಿವೆ. ಇವತ್ತಿನದೂ ಹಾಗೇ, ಎರಡೂ ಒಂದೇ ಸಮ.

“ಇದು ಒಂದೇ ಕಾಯಿಲೆ ಅಲ್ಲ ಅಣ್ಣ, ಎರಡು,” ಎನ್ನುತ್ತಾಳೆ ತುಸು ಹೊತ್ತಿನ ಮೇಲೆ. “ಮೊದಲನೇದು ನೋಡಿ. ಒಬ್ಬನೇ ದುಡಿದಿದ್ದಾನೆ, ಇನ್ನೊಬ್ಬ ಕೂತು ತಿಂದಿದ್ದಾನೆ. ಕ್ಯಾಲಿಪರ್ ಆ ಕಡೆ ಈ ಕಡೆ ಜಾರೋಕೆ ಎರಡು ಪಿನ್ ಇರ್ತವೆ. ಅವು ತುಕ್ಕು ಹಿಡಿದು ಕಚ್ಚಿಕೊಂಡ್ರೆ ಹೀಗಾಗೋದು. ಅದನ್ನ ಮಾವ ಸರಿ ಮಾಡಿದ್ದಾರೆ, ಈಗ ಪಿನ್ ಬೆಣ್ಣೆ ಹಾಗೆ ಜಾರ್ತಿದೆ. ಆದ್ರೆ ಆಮೇಲಿನ ಎರಡು ಜೊತೆ ಬೇರೆ. ಇಬ್ರೂ ಸಮನಾಗಿ ದುಡಿದಿದ್ದಾರೆ, ಆದ್ರೆ ಅವರಿಗೆ ಬಿಡುವೇ ಸಿಕ್ಕಿಲ್ಲ. ನೀವು ಕಾಲು ತೆಗೆದ್ರೂ ಮುಷ್ಟಿ ಬಿಟ್ಟಿಲ್ಲ.”

“ಮೊದಲನೇ ಕಾಯಿಲೆ ವಾಸಿಯಾದ ಮೇಲೆ ಎರಡನೇದು ಎಲ್ಲಿಂದ ಬಂತು?”

ಆಕೆ ಬಿಚ್ಚಿದ ಪ್ಯಾಡುಗಳನ್ನೇ ಎರಡೂ ಕಡೆ ತಾತ್ಕಾಲಿಕವಾಗಿ ಮತ್ತೆ ಕೂರಿಸಿ, ಕ್ಯಾಲಿಪರ್ ಬಿಗಿದು, ಚಾಲಕನನ್ನು ಸೀಟಿನಲ್ಲಿ ಕೂರಿಸುತ್ತಾಳೆ. “ಒತ್ತಿ. ಬಿಡಿ.” ಬಲಗಡೆಯ ತಟ್ಟೆ ಕೈಯಲ್ಲಿ ಸಲೀಸಾಗಿ ತಿರುಗುತ್ತದೆ. ಎಡಗಡೆಯದು ಅಲ್ಲಾಡುವುದಿಲ್ಲ. ಕ್ಯಾಲಿಪರಿನ ಬೆನ್ನಿಗೆ ಎಣ್ಣೆ ಹೊರಬಿಡಲು ಒಂದು ಪುಟ್ಟ ನಿಪ್ಪಲ್ ಇರುತ್ತದೆ. ಸ್ಪ್ಯಾನರಿಟ್ಟು ಅದನ್ನು ಕೂದಲೆಳೆಯಷ್ಟು ಸಡಿಲಿಸುತ್ತಾಳೆ. ಎಣ್ಣೆ ಚಿಳ್ಳೆಂದು ಉಗುಳಿ ಬರುತ್ತದೆ. ತಟ್ಟೆ ತಿರುಗತೊಡಗುತ್ತದೆ. ಅಂದರೆ ಒಳಗೆ ಒತ್ತಡ ಸಿಕ್ಕಿಬಿದ್ದಿತ್ತು. ನಿಪ್ಪಲ್ ಬಿಗಿದು ಮತ್ತೆ ಒತ್ತಿಸಿ, ಈ ಸಲ ರಬ್ಬರ್ ಪೈಪಿನ ಮೇಲಿನ ತುದಿಯ ಕೀಲು ಸಡಿಲಿಸಿ ನೋಡುತ್ತಾಳೆ. ಅಲ್ಲಿ ಒಂದು ತೊಟ್ಟು ಜಿನುಗುತ್ತದೆ ಅಷ್ಟೇ, ತಟ್ಟೆ ಕಲ್ಲಿನ ಹಾಗೆ ನಿಂತೇ ಇರುತ್ತದೆ. ಎಣ್ಣೆ ಪೈಪಿನ ಒಳಗೆ ಹೋಗುತ್ತಿದೆ, ಹಿಂದಕ್ಕೆ ಬರುತ್ತಿಲ್ಲ.

ಕ್ಯಾಲಿಪರನ್ನು ಮತ್ತೆ ಕೊಕ್ಕೆಗೆ ತೂಗುಹಾಕಿ, ಪ್ಯಾಡುಗಳನ್ನು ಗೋಣಿಯ ಮೇಲೆ ಮೊದಲಿನ ಸಾಲಿಗೆ ಸೇರಿಸಿ, ಪೈಪನ್ನು ಬಿಚ್ಚಿ ಅಂಗೈ ಮೇಲೆ ಹಾಕಿಕೊಳ್ಳುತ್ತಾಳೆ. ಕಪ್ಪಗೆ, ನುಣ್ಣಗೆ, ನಿನ್ನೆ ಹಾಕಿದ ಹಾಗಿದೆ. ಕಬ್ಬಿಣದ ಬಳೆ ಕಚ್ಚಿರುವ ಕುತ್ತಿಗೆಯ ಹತ್ತಿರ ಬಗ್ಗಿಸಿದಾಗ ಮಾತ್ರ ಕೂದಲಿನಂಥ ಬಿರುಕು ಬಾಯಿ ತೆರೆಯುತ್ತದೆ, ಎಳೆದ ರಬ್ಬರ್ ಬೆಳ್ಳಗಾಗುವ ಹಾಗೆ ಅಲ್ಲೊಂದು ಮಸುಕು ಗೆರೆ. ಉದ್ದಕ್ಕೆ ಸೀಳಿದರೆ ಒಳಗಿನ ಪದರ ಎದ್ದು ನಿಂತಿದೆ. ಹೋಗುವ ಎಣ್ಣೆಗೆ ಬಾಗಿ ದಾರಿ ಬಿಡುವ, ಬರುವ ಎಣ್ಣೆಗೆ ಬಾಗಿಲಾಗಿ ಮುಚ್ಚುವ ತುಂಡೊಂದು.

ಆಕೆಯ ಕೈ ಅಲ್ಲೇ ನಿಲ್ಲುತ್ತದೆ. ಇದು ಹಳೆಯದಾಗಿ ಹರಿದ ಪೈಪಲ್ಲ, ಭಾರ ತೂಗಿ ಹರಿದದ್ದು. ಮೊದಲ ಸಲ ಈ ಗಾಡಿ ಬಂದಾಗ ಆಕೆ ಅಪ್ಪನನ್ನು ನೋಡಲು ಊರಿಗೆ ಹೋಗಿದ್ದಳು. ಎರಡನೆಯ ಸಲ ಪಕ್ಕದಲ್ಲೇ ಬೇರೆ ಗಾಡಿಯ ಕೆಳಗಿದ್ದಳು. “ನೀನು ಅದನ್ನ ನೋಡ್ಕೊ, ಇದು ನನ್ನ ಗಾಡಿ,” ಎಂದಿದ್ದರು ಮಾವ. ಗಿಡ್ಡ ಆದ ಅಂಗಿ ನೆನಪಾಗುತ್ತದೆ. ಗೋಡೆಯತ್ತ ನೋಡುತ್ತಾಳೆ. ಹೊಳೆಯುತ್ತಿದ್ದ ಮಾವನ ಕೊಕ್ಕೆಯ ಮೇಲೆ ತೆಳ್ಳಗೆ ತುಕ್ಕು ಕೂತಿದೆ. ದಿನಾ ಅದರ ಪಕ್ಕದಿಂದಲೇ ತನ್ನ ಕೊಕ್ಕೆ ತೆಗೆಯುವ ತನಗೆ ಇಷ್ಟು ದಿನ ಇದು ಕಾಣಲಿಲ್ಲವಲ್ಲ.

“ಏನಕ್ಕ, ಏನು ಸಿಕ್ತು?”

ಪೈಪು ಹಳೆಯದಾಗಿತ್ತು ಎಂದುಬಿಟ್ಟರೆ ಮುಗಿಯಿತು. ಅವನು ನಂಬುತ್ತಾನೆ. ಹೊಸ ಪೈಪು ಹಾಕಿದರೆ ಗಾಡಿಯೂ ಸರಿಯಾಗುತ್ತದೆ. ಆದರೆ ನಾಳೆ ಇನ್ನೊಂದು ಗಾಡಿ ಬರುತ್ತದೆ, ಮಾವ ಅದನ್ನೂ ತಮ್ಮ ಗಾಡಿ ಎನ್ನುತ್ತಾರೆ, ಅದೂ ಇದೇ ಇಳಿಜಾರು ಇಳಿಯುತ್ತದೆ.

“ಪೈಪ್ ಒಳಗೆ ಹರಿದಿದೆ ಅಣ್ಣ,” ಎನ್ನುತ್ತಾಳೆ. “ಬಿಚ್ಚಿದಾಗ ಭಾರ ಬಿದ್ದು ಹರಿದಿರೋದು. ನಮ್ಮ ಶೆಡ್ಡಲ್ಲೇ ಆಗಿದ್ದು. ತಪ್ಪು ನಮ್ಮದು.”

ಚಾಲಕನ ಮುಖ ಗಂಟಾಗುತ್ತದೆ. “ನಮ್ಮದು ಅಂದ್ರೆ? ಮೇಸ್ತ್ರಿ ಕೈಗೆ ಅಂತ ಗಾಡಿ ಬಿಟ್ಟು ಹೋದ್ರೆ ನೀವು ಕೈ ಹಾಕಿದ್ರಾ? ಅಡಿಗೆ ಕಲಿತ ಹಾಗೆ ನನ್ನ ಗಾಡಿ ಮೇಲೆ ಕೆಲಸ ಕಲಿತ್ರಾ? ದೊಡ್ಡಮ್ಮ ಸತ್ತಿದ್ರೆ ಯಾರಕ್ಕ ವಾಪಸ್ ತಂದು ಕೊಡ್ತಿದ್ದೋರು? ವಾಸನೆ ಬಂತು ಅಂದಾಗೆಲ್ಲ ನಾನು ಅವಳನ್ನೇ ಗದರಿದ್ದೀನಿ, ಗೊತ್ತಾ?”

ಬ್ರೇಕಕ್ಕ ಸೀಳಿದ ಪೈಪನ್ನು ಗೋಣಿಚೀಲದ ಮೇಲೆ ಪ್ಯಾಡುಗಳ ಪಕ್ಕಕ್ಕಿಡುತ್ತಾಳೆ. ಕಣ್ಣು ಎತ್ತಿದಾಗ ಶೆಡ್ಡಿನ ಬೋರ್ಡಿನಡಿ ಮಾವ ನಿಂತಿರುವುದು ಕಾಣುತ್ತದೆ. ಬಲಗೈಯಲ್ಲಿ ಚಹಾ ಲೋಟಗಳ ತಟ್ಟೆ. ಎಡಗೈ ಪಕ್ಕದಲ್ಲಿ ಇಳಿಬಿದ್ದಿದೆ. ಎಷ್ಟು ಹೊತ್ತಿನಿಂದ ನಿಂತಿದ್ದಾರೋ. ಗೋಣಿಚೀಲದ ಮೇಲೆ ಸಾಲಾಗಿ ಕೂತಿರುವ ಪ್ಯಾಡುಗಳನ್ನು, ಸೀಳಿದ ಪೈಪನ್ನು ಅವರು ಒಂದು ಕಡೆಯಿಂದ ನೋಡುತ್ತಾ ಬರುತ್ತಾರೆ. ಹಾಗೆ ಸಾಲಾಗಿಡುವುದನ್ನು ಕಲಿಸಿದವರು ಅವರೇ. ಓದಲು ಅವರಿಗೆ ಯಾರ ಸಹಾಯವೂ ಬೇಕಿಲ್ಲ.

ಚಹಾದ ತಟ್ಟೆಯನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು ಅವರು ಗೋಡೆಯ ಹತ್ತಿರ ಹೋಗಿ ತಮ್ಮ ಕೊಕ್ಕೆ ತೆಗೆಯುತ್ತಾರೆ.

“ಮಾವ, ಬಿಡಿ,” ಎನ್ನುತ್ತಾಳೆ ಸೊಸೆ.

ಅವರು ಬಿಡುವುದಿಲ್ಲ. ಎಡಚಕ್ರದ ಮುಂದಿನ ಕುಳ್ಳು ಸ್ಟೂಲಿನ ಮೇಲೆ ಕೂತು, ಆಕೆ ತೂಗುಹಾಕಿದ್ದ ಕ್ಯಾಲಿಪರನ್ನು ಬಲಗೈಗೆ ಇಳಿಸಿಕೊಳ್ಳುತ್ತಾರೆ. ಎಡಗೈಯಲ್ಲಿ ತಮ್ಮ ಕೊಕ್ಕೆ ಹಿಡಿದು ಮೇಲಿನ ಸ್ಪ್ರಿಂಗಿನತ್ತ ಒಯ್ಯುತ್ತಾರೆ. ಕೈ ಎದೆಯವರೆಗೆ ಏರುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಇನ್ನೊಮ್ಮೆ ಎತ್ತುತ್ತಾರೆ. ಮುಖ ಕಿವುಚಿಕೊಳ್ಳುತ್ತದೆ, ಕೊಕ್ಕೆ ಗಾಳಿಯಲ್ಲಿ ನಡುಗುತ್ತದೆ, ಸ್ಪ್ರಿಂಗ್ ಇನ್ನೂ ಗೇಣುದ್ದ ದೂರದಲ್ಲೇ ಇದೆ. ಇತ್ತ ಬಲಗೈಯಲ್ಲಿನ ಭಾರವೂ ಇಳಿಯತೊಡಗುತ್ತದೆ. ಸೊಸೆ ಮುಂದೆ ಬಾಗಿ ಆ ಭಾರದ ಕೆಳಗೆ ತನ್ನ ಅಂಗೈ ಕೊಡುತ್ತಾಳೆ.

“ನೋಡಪ್ಪಾ,” ಎನ್ನುತ್ತಾರೆ ಮಾವ, ಚಾಲಕನ ಮುಖ ನೋಡದೆ. “ಈ ಕೈ ಬರೋದು ಇಷ್ಟೇ. ಚಳಿಗಾಲದಿಂದ ಹೀಗೇ ಇದೆ. ಇವಳು ನಿನ್ನ ಗಾಡಿ ಮುಟ್ಟಿರೋದು ಇವತ್ತೇ ಮೊದಲು.”

ರಸ್ತೆಯಲ್ಲಿ ಒಂದು ಲಾರಿ ಉಸಿರು ಬಿಡುತ್ತಾ ಗುಡ್ಡ ಹತ್ತಿ ತಿರುವಿನಾಚೆ ಮರೆಯಾಗುತ್ತದೆ. ಆಮೇಲೆ ಚಾಲಕ ಬಾನೆಟ್ಟಿನ ಮೇಲಿಂದ ಒಂದು ಲೋಟ ತೆಗೆದುಕೊಂಡು ಬ್ರೇಕಕ್ಕನ ಮುಂದೆ ಹಿಡಿಯುತ್ತಾನೆ. “ಕುಡೀರಿ ಅಕ್ಕ. ಆರ್ತಾ ಇದೆ.” ಕ್ಷಮೆ ಎನ್ನುವ ಮಾತು ಅವನ ಬಾಯಿಂದ ಬರುವುದಿಲ್ಲ. ಆಕೆ ಅದಕ್ಕೆ ಕಾಯುವುದೂ ಇಲ್ಲ.

ಅಂಗಡಿ ತೆರೆಯುವ ಹೊತ್ತಿಗೆ ಅವನೇ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಿ ಸಾಮಾನು ತರುತ್ತಾನೆ. ಪೈಪು, ಪ್ಯಾಡು, ತಟ್ಟೆ, ಎಲ್ಲವೂ ಎರಡು ಕಡೆಗೂ ಹೊಸದು. ಬಲಗಡೆಯದು ಚೆನ್ನಾಗಿಯೇ ಇದೆಯಲ್ಲ ಎಂದು ಅವನು ಕೇಳಿದ್ದಕ್ಕೆ ಆಕೆ, “ಒಂದು ಕಾಲಿಗೆ ಹೊಸ ಚಪ್ಪಲಿ, ಒಂದು ಕಾಲಿಗೆ ಹಳೇದು ಹಾಕ್ಕೊಂಡು ಇಳಿಜಾರು ಇಳೀತೀರಾ?” ಎಂದಿದ್ದಳು. ಅವನು ಬರುವವರೆಗೆ ಮಾವ ತಮ್ಮ ಮರದ ಪೆಟ್ಟಿಗೆಯ ಮೇಲೆ ಕೂತಿರುತ್ತಾರೆ. ದಿನಾ ಚಹಾ ಕುಡಿಯುವಾಗ ಕೂರುವ ಪೆಟ್ಟಿಗೆ ಅದು.

“ಇನ್ನು ಬ್ರೇಕ್ ಕೆಲಸ ನಂದಲ್ಲಮ್ಮ,” ಎನ್ನುತ್ತಾರೆ. “ಕೊಕ್ಕೆನೂ ನೀನೇ ಇಟ್ಕೋ.”

“ಏಳಿ ಮಾವ ಸ್ವಲ್ಪ.”

ಅವರು ಏಳುತ್ತಾರೆ. ಆಕೆ ಪೆಟ್ಟಿಗೆಯನ್ನು ಎಳೆದುಕೊಂಡು ಹೋಗಿ ಎಡಚಕ್ರ ಬಿಚ್ಚಿದ ಜಾಗದ ಕೆಳಗೆ ನಿಲ್ಲಿಸಿ, ಮೇಲೊಂದು ಹಲಗೆ ಇಟ್ಟು, ಕ್ಯಾಲಿಪರನ್ನು ಅದರ ಮೇಲೆ ಇಡುತ್ತಾಳೆ. ಪೈಪ್ ಹಾಕಿದರೆ ಎಷ್ಟು ಸಡಿಲವಾಗಿ ಬಾಗುತ್ತದೆ ಎಂದು ಬೆರಳಲ್ಲಿ ಅಳತೆ ಹಿಡಿದು ನೋಡುತ್ತಾಳೆ. “ತೂಗುಹಾಕೋಕೆ ಆಗ್ದಿದ್ರೆ ಕೂರಿಸೋಣ. ಕುತ್ತಿಗೆಗೆ ಭಾರ ಬೀಳಬಾರದು ಅಂತ ತಾನೇ ನೀವು ಹೇಳಿದ್ದು? ಕೈ ಎತ್ತಲೇಬೇಕು ಅಂತ ಹೇಳಿಲ್ವಲ್ಲ.”

ಮಾವ ಬಗ್ಗಿ, ಹಲಗೆಯನ್ನು ಒಮ್ಮೆ ಅಲ್ಲಾಡಿಸಿ ನೋಡುತ್ತಾರೆ. ಅಲುಗುವುದಿಲ್ಲ. “ಹಾಗಾದ್ರೆ ನಾನೆಲ್ಲಿ ಕೂತ್ಕೊಳ್ಳಲಿ?”

“ಡ್ರೈವರ್ ಸೀಟಲ್ಲಿ. ಪೆಡಲ್ ಒತ್ತೋರು ಬೇಡವಾ ನನಗೆ?”

ಮಧ್ಯಾಹ್ನ ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸ. ಇಷ್ಟು ವರ್ಷ ಸೊಸೆ ಪೆಡಲ್ ಒತ್ತುತ್ತಿದ್ದಳು, ಮಾವ ನಿಪ್ಪಲ್ ಬಿಡಿಸುತ್ತಿದ್ದರು. ಇವತ್ತು ಮಾವ ಸೀಟಿನಲ್ಲಿ. ಕೆಳಗಿಂದ ಆಕೆಯ ದನಿ, “ಒತ್ತಿ ಮಾವ.” ಮೇಲಿಂದ ಅವರ ದನಿ, “ಹಿಡಿದಿದ್ದೀನಿ.” “ಬಿಡಿ.” “ಬಿಟ್ಟೆ.” ಗುಳ್ಳೆ ಬರುವುದು ನಿಂತು ಎಣ್ಣೆ ದಾರದ ಹಾಗೆ ಒಂದೇ ಸಮ ಬರುವವರೆಗೂ ಇದೇ ಮಾತು. ಕೊನೆಗೊಮ್ಮೆ ಒತ್ತಿ ಬಿಟ್ಟಾಗ ಎಡಗಡೆಯ ತಟ್ಟೆ ಬಲದ್ದರ ಹಾಗೆಯೇ ಕೈಯ ಜೊತೆ ತಿರುಗುತ್ತದೆ. ಚಕ್ರ ಕೂರಿಸಿ, ಬಿಸಿಲು ಇಳಿದು ತಂಪಾದ ಮೇಲೆ ಚಾಲಕನನ್ನು ಪಕ್ಕದ ಸೀಟಿಗೆ ಹತ್ತಿಸಿಕೊಂಡು, ಆಕೆಯೇ ಕಾರನ್ನು ಗುಡ್ಡದ ತುದಿಯವರೆಗೆ ಒಯ್ದು ಇಳಿಸಿಕೊಂಡು ಬರುತ್ತಾಳೆ. ಶೆಡ್ಡಿನ ಮುಂದೆ ನಿಂತ ಕೂಡಲೇ, “ನಾನು ನೋಡಲ್ಲ, ನೀವೇ ನೋಡಿ,” ಎನ್ನುತ್ತಾಳೆ. ಅವನು ಇಳಿದು, ಬೆಳಗ್ಗೆ ಆಕೆ ಮಾಡಿದ ಹಾಗೆಯೇ ಹಿಂಗೈ ಚಾಚಿ ಬಲಚಕ್ರ ನೋಡುತ್ತಾನೆ, ಎಡಚಕ್ರ ನೋಡುತ್ತಾನೆ, ನಂಬಿಕೆ ಬಾರದೆ ಮತ್ತೆ ಬಲಕ್ಕೆ ಹೋಗುತ್ತಾನೆ.

“ಎರಡೂ ಒಂದೇ ಸಮ ಬೆಚ್ಚಗಿದೆ ಅಕ್ಕ.”

“ಸರಿ ಅಂದ್ಳು ಬ್ರೇಕಿನವಳು ಅಂತ ಹೇಳಿ ದೊಡ್ಡಮ್ಮನಿಗೆ.”

ಹೊರಡುವಾಗ ಬೋರ್ಡಿಗೆ ತಲೆ ತಾಗಿಸಿಕೊಂಡ ಅವನು ಅದನ್ನೇ ದಿಟ್ಟಿಸಿ, “ಇದರಲ್ಲಿ ಅಕ್ಕನ ಹೆಸರೂ ಬರೆಸಿ ಮೇಸ್ತ್ರಿ,” ಎನ್ನುತ್ತಾನೆ. ಆಕೆ ಕೈ ಒರೆಸಿಕೊಳ್ಳುತ್ತಾ, “ಹೆಸರು ಬೇಡ. ಅದನ್ನ ಒಂದು ಗೇಣು ಮೇಲಕ್ಕೆ ಕಟ್ಟಿದ್ರೆ ಸಾಕು, ಈಗ ಎಲ್ಲರ ತಲೆಗೂ ಹೊಡೀತಿದೆ,” ಎನ್ನುತ್ತಾಳೆ. ಮಾವ ಬೆಳಗಿನಿಂದ ಮೊದಲ ಸಲ ನಗುತ್ತಾರೆ. “ಅದೂ ನೀನೇ ಕಟ್ಟಬೇಕಮ್ಮ. ನನ್ನ ಕೈ ಏಳಲ್ಲ.”

ಮರುದಿನ ಬೆಳಗ್ಗೆ ಶೆಡ್ಡಿನಲ್ಲಿ ಬೇರೊಂದು ಗಾಡಿ. ಮಾವ ಕುಳ್ಳು ಸ್ಟೂಲಿನ ಮೇಲೆ ಕೂತಿದ್ದಾರೆ, ಎದುರಿಗೆ ಮರದ ಪೆಟ್ಟಿಗೆ, ಅದರ ಮೇಲೆ ಬಿಚ್ಚಿದ ಕ್ಯಾಲಿಪರ್ ಕೂತಿದೆ. ಪೈಪು ಭಾರವಿಲ್ಲದೆ ಸಡಿಲವಾಗಿ ಬಾಗಿದೆ. ಬ್ರೇಕಕ್ಕ ರಸ್ತೆಯ ಬದಿಯಲ್ಲಿ ನಿಂತು ಗುಡ್ಡದತ್ತ ಕಿವಿ ಕೊಟ್ಟಿದ್ದಾಳೆ. ಇಳಿದು ಬರುವ ಗಾಡಿಗಳ ಸದ್ದನ್ನು ಬೇರೆ ಕೆಲಸದ ನಡುವೆಯೂ ಕೇಳಿಸಿಕೊಳ್ಳುವುದು ರೂಢಿ. ಹೀಗೆ ಕೈಕಟ್ಟಿ ನಿಂತು ಕಾಯುವುದು ಮಾತ್ರ ಆಕೆಯ ರೂಢಿಯಲ್ಲ.

ಬಿಳಿ ಕಾರು ಕೊನೆಯ ತಿರುವಿನಲ್ಲಿ ಕಾಣಿಸಿಕೊಂಡು, ವೇಗ ತಗ್ಗಿಸಿ, ನೇರವಾಗಿ ಬರುತ್ತದೆ. ಎಡಕ್ಕೆ ಎಳೆಯುವುದಿಲ್ಲ. ಚಾಲಕ ನಿಲ್ಲಿಸುವುದಿಲ್ಲ, ಹಾರನ್ ಮಾಡುವುದಿಲ್ಲ, ಸ್ಟೀರಿಂಗಿನ ಮೇಲಿಂದ ಒಂದು ಬೆರಳನ್ನಷ್ಟೇ ಎತ್ತಿ ಇಳಿಸುತ್ತಾನೆ. ಹಿಂದಿನ ಸೀಟಿನ ಗಾಜಿಗೆ ಊದಿದ ಕೆನ್ನೆಯೊಂದು ಒತ್ತಿಕೊಂಡಿದೆ. ಕಾರು ಪಟ್ಟಣದ ಕಡೆಗೆ ಸಾಗಿಹೋದ ಮೇಲೆ ಆಕೆ ಗಾಳಿಯನ್ನು ಒಮ್ಮೆ ಮೂಸಿ ನೋಡುತ್ತಾಳೆ. ಬೆಳಗಿನ ಮಣ್ಣಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲ.

“ಯಾಕಮ್ಮ, ನಿಲ್ಲಿಸ್ಲೇ ಇಲ್ಲ ಅವನು?” ಒಳಗಿನಿಂದ ಮಾವ ಕೂಗುತ್ತಾರೆ. “ಹಾರನ್ನೂ ಹೊಡೀಲಿಲ್ಲ?”

“ದೊಡ್ಡಮ್ಮ ನಿದ್ದೆ ಮಾಡ್ತಿದ್ದಾರೆ ಮಾವ,” ಎನ್ನುತ್ತಾಳೆ ಬ್ರೇಕಕ್ಕ, ಒಳಗೆ ಬಂದು ಉಂಗುರ ತೆಗೆದು ಮೊಳೆಗೆ ಸಿಕ್ಕಿಸುತ್ತಾ. “ಇಳಿಜಾರು ಮುಗಿದಿದ್ದೂ ಗೊತ್ತಾಗಿಲ್ಲ ಅವರಿಗೆ.”